ಟವಲಿನ ಕೆಳಗಿನ ಮಾತು

“ಈ ಎತ್ತು ನೀರು ಕಂಡ್ರ ಹೆದರ್ತೈತಿ ರೀ. ಹಳ್ಳ ದಾಟಂಗಿಲ್ಲ.”

ಮಸ್ಕಿಯ ದನದ ಸಂತೆಯಲ್ಲಿ ಆ ಮಾತು ಬಿದ್ದದ್ದೇ ತಡ, ಸುತ್ತ ನಿಂತವರೆಲ್ಲ ತಿರುಗಿ ನೋಡಿದರು. ಮಾರಲು ಬಂದವರು ತಮ್ಮ ಎತ್ತಿನ ಐಬನ್ನು ತಾವೇ ಬಾಯಿಬಿಟ್ಟು ಹೇಳುವುದುಂಟೇ! ಹೇಳಿದವಳು ಅಂಬಮ್ಮ. ಎತ್ತಿನ ಹಗ್ಗ ಹಿಡಿದು ಅವಳ ಪಕ್ಕದಲ್ಲಿ ನಿಂತಿದ್ದ ಸೋದರಮಾವ ಬಸವಂತರಾಯನ ಮುಖ ಹುಣಸೆಕಾಯಿ ಕಚ್ಚಿದವನ ಹಾಗಾಯಿತು.

“ಸುಮ್ಮನಿರ್ತೀಯೇನ ಬೇ,” ಎಂದು ಹಲ್ಲು ಕಡಿದ.

“ಯಾಕ ಸುಮ್ಮನಿರ್ಲಿ ಮಾವ? ನಾಳಿ ಕೊಂಡವರು ಹಳ್ಳದ ದಂಡಿಗೆ ನಿಂತು ನಮ್ಮನ್ನ ಬೈಯಂಗಿಲ್ಲೇನ? ಬೈತಾರ.”

ಇದು ಅಂಬಮ್ಮನ ವರಸೆ. ಸವಾಲು ಹಾಕುವವಳೂ ಅವಳೇ, ಜವಾಬು ಕೊಡುವವಳೂ ಅವಳೇ. ನಡುವೆ ಬೇರೆಯವರಿಗೆ ಬಾಯಿ ತೆರೆಯಲು ಜಾಗವೇ ಇರುತ್ತಿರಲಿಲ್ಲ.

ಅದು ಐವತ್ತನಾಲ್ಕನೆಯ ಇಸವಿ. ತುಂಗಭದ್ರೆಯ ನೀರು ಕಾಲುವೆಯಲ್ಲಿ ಹರಿದು ಸಿಂಧನೂರಿನ ಹೊಲಗಳಿಗೆ ಬರುತ್ತದೆ, ಜೋಳ ಬೆಳೆದವರೆಲ್ಲ ಇನ್ನು ಭತ್ತ ಬೆಳೆಯುತ್ತಾರೆ ಎಂದು ಊರೂರಲ್ಲೂ ಅದೇ ಮಾತು. ಗಟ್ಟಿ ಎತ್ತಿಗೆ ಎಲ್ಲಿಲ್ಲದ ಬೆಲೆ ಬಂದಿತ್ತು. ಅಂಥ ಹೊತ್ತಿನಲ್ಲಿ ನೀರಿಗೆ ಹೆದರುವ ಎತ್ತನ್ನು ಯಾರು ಕೊಳ್ಳಬೇಕು? ಆದರೆ ಅಂಬಮ್ಮನ ಅಪ್ಪ ತೀರಿಕೊಂಡು ವರ್ಷವಾಗಿತ್ತು, ಜೋಡಿಯ ಇನ್ನೊಂದು ಎತ್ತೂ ಸತ್ತಿತ್ತು. ಉಳಿದ ಈ ಎತ್ತನ್ನು, ಕೆಂದನನ್ನು, ಮಾರದೆ ಗತಿಯಿರಲಿಲ್ಲ.

ಕೊಳ್ಳಲು ಬಂದಿದ್ದವನು ಸಿಂಧನೂರಿನ ದಲಾಲ ಆದೆಪ್ಪ. ಎತ್ತರದ ಆಳು, ಅಗಲವಾದ ಹೆಗಲು, ಹೆಗಲ ಮೇಲೆ ಕೆಂಪು ಅಂಚಿನ ಟವಲು. ಮುಖ ಮಾತ್ರ ಮಧ್ಯಾಹ್ನದ ಹೊತ್ತು ಬಾಗಿಲು ಹಾಕಿದ ಅಂಗಡಿ. ಅದರಲ್ಲಿ ಸಿಟ್ಟೂ ಇಲ್ಲ, ನಗುವೂ ಇಲ್ಲ.

ಅವನು ಕೆಂದನ ಸುತ್ತ ಒಂದು ಸುತ್ತು ಬಂದ.

“ಕೋಡು ಒಂದು ಮುಂದ, ಒಂದು ಹಿಂದ. ಬಾಲ ಗಿಡ್ಡ. ಕಣ್ಣು ಸಣ್ಣವು. ಮ್ಯಾಲೆ ನೀರಿಗೆ ಬ್ಯಾರೆ ಹೆದರ್ತೈತಿ ಅಂತೀರಿ.”

ಇಷ್ಟೊಂದು ಐಬು ಎತ್ತಿ ಹೆಸರಿಟ್ಟವನು ಹೋಗಿಬಿಡುತ್ತಾನೆ ಎಂದುಕೊಂಡಳು ಅಂಬಮ್ಮ. ಹೋಗಲಿಲ್ಲ! ಬಸವಂತರಾಯನ ಕೈ ಹಿಡಿದು, ಅದರ ಮೇಲೆ ಟವಲು ಮುಚ್ಚಿದ. ದನದ ವ್ಯಾಪಾರ ನಡೆಯುವುದೇ ಹಾಗೆ. ಬೆಲೆ ಬಾಯಿಂದ ಬರುವುದಿಲ್ಲ. ಬಟ್ಟೆಯ ಕೆಳಗೆ ಬೆರಳು ಹಿಡಿದು ಕೇಳುತ್ತಾರೆ, ಬೆರಳು ಹಿಡಿದೇ ಒಪ್ಪುತ್ತಾರೆ. ನೋಡುವವರಿಗೆ ಕಾಣುವುದು ಅಲುಗಾಡುವ ಟವಲು ಮಾತ್ರ.

ಟವಲು ಅಲುಗಾಡಿತು. ಒಮ್ಮೆ ನಿಂತಿತು. ಮತ್ತೊಮ್ಮೆ ಅಲುಗಾಡಿತು. ಬಸವಂತರಾಯನ ಹುಳಿ ಮುಖ ನಿಧಾನವಾಗಿ ಅರಳಿತು. ಸೌದಾ ಮುಗಿದಿತ್ತು.

ಅಂಬಮ್ಮನಿಗೆ ತಡೆಯಲಾಗಲಿಲ್ಲ.

“ಒಳಗ ಏನು ಮಾತಾಡಿದ್ರಿ?”

ಆದೆಪ್ಪ ಆಗ ಅವಳನ್ನು ನೋಡಿದ. ಅಷ್ಟೂ ಹೊತ್ತು ಎತ್ತಿನ ಕಾಲು, ಗೊರಸು, ಹಲ್ಲು ನೋಡಿದ್ದವನು ಮೊದಲ ಸಲ ಅವಳ ಕಣ್ಣು ನೋಡಿದ. ಏನೋ ಹೇಳುವವನ ಹಾಗೆ ತುಟಿ ಬಿಚ್ಚಿದ.

“ಹೇಳಂಗಿಲ್ಲ, ಅಲ್ಲ? ಹೆಣ್ಣುಮಕ್ಕಳಿಗೆ ಯಾಕ ಹೇಳ್ತೀರಿ,” ಅಂದುಬಿಟ್ಟಳು ಅಂಬಮ್ಮ.

ಅವನ ತುಟಿ ಮುಚ್ಚಿಕೊಂಡಿತು. ಟವಲು ಹೆಗಲಿಗೇರಿತು. ಕೆಂದನ ಹಗ್ಗ ಹಿಡಿದು ಹೊರಟೇ ಹೋದ.

*

ಆ ರಾತ್ರಿಯಿಂದ ಅಂಬಮ್ಮನಿಗೆ ಒಂದೇ ಯೋಚನೆ. ಅಷ್ಟೊಂದು ಐಬು ಹೇಳಿದವನು ಯಾಕೆ ಕೊಂಡ? ಆ ಮುಖದ ಹಿಂದೆ ಏನಿದೆ?

ಸುಗ್ಗಿ ಮುಗಿಯುವ ಹೊತ್ತಿಗೆ ಸಿಂಧನೂರಿನಿಂದ ಬೀಗತನದ ಮಾತು ಬಂತು. ಹುಡುಗ ಅವನೇ, ಆದೆಪ್ಪ. ಅವಳ ಅವ್ವನಿಗೆ ಅನುಮಾನ.

“ಮನಿತನ ಚಲೋ ಐತಿ ಮಗಳ. ಆದ್ರ ಆ ಹುಡುಗನ ಮುಖದಾಗ ಏನೂ ಕಾಣಸಂಗಿಲ್ಲಲ್ಲ.”

“ಅದಕ ನೋಡಬೇಕು ಅನಿಸ್ತೈತಿ ಅವ್ವ,” ಅಂದಳು ಅಂಬಮ್ಮ.

ಕುತೂಹಲಕ್ಕೆ ಮದುವೆಯಾದವರು ಯಾರಾದರೂ ಇದ್ದಾರೆಯೇ ಎಂದು ನೀವು ಕೇಳಬಹುದು. ನಮ್ಮ ಅಂಬಮ್ಮ ಇದ್ದಾಳೆ, ನೋಡಿ.

ಸಿಂಧನೂರಿನ ಮನೆಗೆ ಕಾಲಿಟ್ಟ ದಿನವೇ ಅವಳಿಗೆ ಆಶ್ಚರ್ಯ ಕಾದಿತ್ತು. ದನದ ಕೊಟ್ಟಿಗೆಯಲ್ಲಿ ಕೆಂದ ನಿಂತಿದ್ದ! ಒಂದು ಕೋಡು ಮುಂದೆ, ಒಂದು ಹಿಂದೆ. ಅವಳನ್ನು ಕಂಡು ಮೂಗಿನಿಂದ ಉಸ್ಸೆಂದ.

“ಇದನ್ನ ಮಾರಲಿಲ್ಲೇನ್ರಿ?” ಎಂದು ಗಂಡನನ್ನು ಕೇಳಿದಳು. “ಯಾರೂ ಕೊಳ್ಳಲಿಲ್ಲೇನ? ನೀರಿನ ಐಬು ಗೊತ್ತಾಗಿ ಬ್ಯಾಡ ಅಂದಿರಬೇಕು.”

ಆದೆಪ್ಪನ ಬಾಯಲ್ಲಿ ಯಾವುದೋ ಮಾತು ಬಂದಿತ್ತು. ಅಷ್ಟರಲ್ಲಿ ಜವಾಬನ್ನು ಅವಳೇ ಕೊಟ್ಟಿದ್ದಳು.

“ಹ್ಞೂಂ,” ಅಂದ.

ಮೊದಲ ಊಟಕ್ಕೆ ಅವಳು ಜೋಳದ ರೊಟ್ಟಿ ಬಡಿದು, ಪುಂಡಿಪಲ್ಯ ಮಾಡಿ ಬಡಿಸಿದಳು. ಅವನು ಮುರಿದು ನೋಡಿದ.

“ಅಂಚು ದಪ್ಪ ಆಗ್ಯಾವ.”

ಹೇಳಿ, ಬುಟ್ಟಿಯಲ್ಲಿದ್ದ ರೊಟ್ಟಿಯನ್ನೆಲ್ಲ ತಿಂದು ಎದ್ದ. ಅವಳಿಗೆ ಕೇಳಿದ್ದು ಮೊದಲ ಮಾತು ಮಾತ್ರ. ಖಾಲಿ ಬುಟ್ಟಿ ಕಾಣಲೇ ಇಲ್ಲ.

ಮರುದಿನ ಅಂಚು ತೆಳುವಾಗಿ ಬಡಿದಳು. ಪಲ್ಯಕ್ಕೆ ಖಾರ ಮುಂದಾಯಿತು ಅಂದ. ಅವ್ವ ಕೊಟ್ಟಿದ್ದ ಇಲಕಲ್ ಸೀರೆಯನ್ನು ಒಂದು ದಿನ ಆಸೆಯಿಂದ ಉಟ್ಟುಕೊಂಡು ಬಾಗಿಲಲ್ಲಿ ನಿಂತಳು. ಅವನು ಸಂತೆಗೆ ಹೊರಟವನು ಹೊಸ್ತಿಲಲ್ಲೇ ನಿಂತ. ಬಹಳ ಹೊತ್ತು ನಿಂತ.

“ಸೆರಗು ಉದ್ದ ಆತು. ಜಾಲಿ ಮುಳ್ಳಿಗೆ ಸಿಗ್ತೈತಿ,” ಎಂದು ಹೇಳಿ ಇಳಿದುಹೋದ.

ಅಂಬಮ್ಮ ಆ ಸೀರೆಯನ್ನು ಮಡಚಿ ಪೆಟ್ಟಿಗೆಗೆ ಹಾಕಿದಳು. ಮತ್ತೆ ತೆಗೆಯಲಿಲ್ಲ.

ಎಲ್ಲಕ್ಕಿಂತ ಅವಳನ್ನು ಸುಡುತ್ತಿದ್ದದ್ದು ಇನ್ನೊಂದು. ಎಲ್ಲಿಗೆ ಹೋಗುತ್ತೇನೆ ಎಂದು ಹೇಳಿ ಹೋಗುವ ಪದ್ಧತಿಯೇ ಅವನಿಗಿರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಹಾಸಿಗೆ ಖಾಲಿ. ಜವಳಗೇರಾಕ್ಕೋ, ಲಿಂಗಸುಗೂರಿನ ಸಂತೆಗೋ... ದೇವರಿಗೇ ಗೊತ್ತು. ಮಾಡಿದ ಅಡುಗೆ ಆರಿಹೋದರೂ ಅವಳು ಕಾಯುವಳು.

“ನನ್ನ ಮಗ ಹಾಂಗ ಅವ್ವ,” ಅನ್ನುತ್ತಿದ್ದಳು ಅತ್ತೆ ಸಂಗಮ್ಮ. “ಅವರಪ್ಪನೂ ಹಾಂಗ ಇದ್ದ. ದಲಾಲರ ಹೊಟ್ಟ್ಯಾಗಿಂದು ಹೊರಗ ಬರಂಗಿಲ್ಲ.”

“ನಿನ್ನಿ ಲಿಂಗಸುಗೂರಿಗೆ ಹೋಗಿದ್ರೇನ್ರಿ?” ಎಂದು ಗಂಡ ಬಂದಾಗ ಕೇಳುವಳು ಅಂಬಮ್ಮ. “ಹೇಳಿ ಹೋಗಬೇಕು ಅಂತ ಅನಿಸಲಿಲ್ಲೇನ? ಅನಿಸಿರಲಿಕ್ಕಿಲ್ಲ. ಮನ್ಯಾಗ ಒಬ್ಬಾಕಿ ಕಾಯಾಕತ್ತಾಳ ಅನ್ನೋದು ನಿಮಗೆಲ್ಲಿ ನೆನಪಿರ್ತೈತಿ.”

ಅವನು ತಲೆ ಕೆರೆದುಕೊಂಡು ಸುಮ್ಮನಾಗುವನು. ‘ನೋಡು, ಒಂದು ಮಾತಿಗೂ ನಾನು ಬೇಡವಾದೆ,’ ಎಂದು ಅವಳ ಕಣ್ಣು ತುಂಬುವುದು. ಪಾಪ, ಆ ಮನುಷ್ಯನಿಗೆ ಬಾಯಿ ಬರುವಷ್ಟರಲ್ಲಿ ಅವಳ ಮಾತು ಮುಗಿದು, ತೀರ್ಪೂ ಆಗಿರುತ್ತಿತ್ತು. ಅದನ್ನು ಅವಳಿಗೆ ಹೇಳುವವರು ಯಾರು?

*

ಒಂದು ಸಂಜೆ ಬುಡ್ಡೇಸಾಬ್ ಮನೆಗೆ ಬಂದ. ಆದೆಪ್ಪನಿಗೆ ದನದ ವ್ಯಾಪಾರ ಕಲಿಸಿದ ಉಸ್ತಾದ್ ಅವನು. ಇಬ್ಬರೂ ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. ಅಂಬಮ್ಮ ಚಹಾದ ಲೋಟ ಹಿಡಿದು ಬಾಗಿಲ ತನಕ ಬಂದಿದ್ದಳು.

“ಹೊಸ ಸಂಸಾರ ಹ್ಯಾಂಗ ನಡದೈತಿ ಬೇಟಾ?” ಎಂದು ಕೇಳುತ್ತಿದ್ದ ಬುಡ್ಡೇಸಾಬ್.

“ನಾಲಗಿ ಉದ್ದ ಐತಿ,” ಅಂದ ಆದೆಪ್ಪ. “ಒಂದ ಕಡಿ ನಿಂದ್ರಂಗಿಲ್ಲ. ಕೇಳಿದ್ದನ್ನ ತಿರುಗಿ ಕೇಳ್ತಾಳ. ನಕ್ಕಳಂದ್ರ ಓಣಿ ತುಂಬ ಕೇಳಸ್ತೈತಿ.”

ಅಂಬಮ್ಮ ಲೋಟವನ್ನು ಬಾಗಿಲ ಮೂಲೆಯಲ್ಲೇ ಇಟ್ಟುಬಿಟ್ಟಳು. ಬುಡ್ಡೇಸಾಬ್ ನಕ್ಕು ಅದಕ್ಕೆ ಏನೋ ಅಂದ. ಅದನ್ನು ಕೇಳಲು ಅವಳು ನಿಲ್ಲಲಿಲ್ಲ.

ಹಿತ್ತಿಲಿಗೆ ಹೋಗಿ ಕೆಂದನ ಕೊರಳಿಗೆ ಮುಖ ಹಚ್ಚಿ ಅತ್ತಳು. ‘ನಿನ್ನ ಸುತ್ತ ತಿರುಗಿ ಐಬು ಎಣಿಸಿದ. ಈಗ ನನ್ನ ಸುತ್ತ ತಿರುಗಿ ಎಣಿಸ್ಯಾನ. ಊರ ಮಂದಿಗೆ ಕೇಳೋ ಹಂಗ...’

ನಾಗರ ಪಂಚಮಿಗೆ ಬಸವಂತರಾಯ ಗಾಡಿ ಕಟ್ಟಿಕೊಂಡು ಕರೆಯಲು ಬಂದಾಗ, ಅವಳು ಇಲಕಲ್ ಸೀರೆಯ ಪೆಟ್ಟಿಗೆಯನ್ನೂ ಗಾಡಿಗೆ ಏರಿಸಿದಳು. ಹಬ್ಬಕ್ಕೆ ಹೋಗುವವರು ಪೆಟ್ಟಿಗೆಯನ್ನೇಕೆ ಒಯ್ಯುತ್ತಾರೆ? ಆದೆಪ್ಪ ಪೆಟ್ಟಿಗೆ ನೋಡಿದ. ಅವಳನ್ನು ನೋಡಿದ. ‘ಒಂದು ಸಲ ಬೇಡ ಅನ್ನಲಿ. ಜಲ್ದಿ ಬಾ ಅನ್ನಲಿ...’ ಎಂದು ಅವಳ ಜೀವ ಹೊಯ್ದಾಡಿತು.

“ಗಾಲಿಗೆ ಎಣ್ಣಿ ಕಡಿಮಿ ಆಗೈತಿ,” ಅಂದ ಆದೆಪ್ಪ.

ಗಾಡಿ ಹೊರಟಿತು.

*

ಪಂಚಮಿಯ ಜೋಕಾಲಿ ಬಿಚ್ಚಿದರು. ಡಬ್ಬಿಯಲ್ಲಿದ್ದ ಉಂಡಿ ಖಾಲಿಯಾದವು. ಅಂಬಮ್ಮ ಸಿಂಧನೂರಿನ ಹೆಸರೆತ್ತಲಿಲ್ಲ.

ಶ್ರಾವಣ ಕಳೆದ ಮೇಲೆ ಆದೆಪ್ಪ ಒಮ್ಮೆ ಬಂದ. ಪಡಸಾಲೆಯಲ್ಲಿ ಕೂತ, ನೀರು ಕುಡಿದ, ಬಸವಂತರಾಯನ ಜೊತೆ ಮಳೆಯ ಮಾತಾಡಿದ. ಅಂಬಮ್ಮ ಬಾಗಿಲ ಹಿಂದೆ ಸೀರೆಯ ಸೆರಗು ಹಿಡಿದು ನಿಂತಿದ್ದಳು. ಕರೆದರೆ ಹೋಗುವುದೆಂದು ಮನಸ್ಸು ಮಾಡಿದ್ದಳು. ಅವನು ಕರೆಯಲಿಲ್ಲ. ಮೊದಲು ಬಾಯಿ ಬಿಟ್ಟವನು ಸೋತ ಎಂದು ಸಂತೆಯಲ್ಲಿ ಕಲಿತವನು. ‘ಬರ್ತೀನಿ ಅಂತ ಅವಳೇ ಅನ್ನಲಿ,’ ಎಂದು ಅವನು ಕಾದ. ‘ಬಾ ಅಂತ ಅವರೇ ಅನ್ನಲಿ,’ ಎಂದು ಇವಳು ಕಾದಳು.

“ರಸ್ತಾ ಕೆಟ್ಟೈತಿ. ಬೆಳಕಿದ್ದಾಗ ಹೋಗಬೇಕು,” ಎಂದು ಅವನು ಎದ್ದು ಹೋದ.

ಅವತ್ತು ಬಸವಂತರಾಯನ ಸಿಟ್ಟು ನೆತ್ತಿಗೇರಿತು.

“ಇವನಿಗೆ ಹೆಂಡತಿ ಬೇಕೋ ಬ್ಯಾಡೋ? ಬರೋ ಸಂತಿ ದಿನ ಹಿರಿಯರನ್ನ ಕೂಡಸ್ತೀನಿ. ಒಯ್ದರ ಒಯ್ಯಲಿ, ಇಲ್ಲಾಂದ್ರ ಅವತ್ತ ಬಿಡಿಸಿಬಿಡೋಣು. ಹುಡುಗಿ ಬಾಳ್ವಿ ಹಿಂಗ ಅಡ್ಡಗ್ವಾಡಿ ಮ್ಯಾಲೆ ಇರೋದು ಬ್ಯಾಡ.”

ಸಿಂಧನೂರಿಗೆ ಹೇಳಿಕಳಿಸಿದರು. ಅವ್ವ ಅಡುಗೆಮನೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡಳು. ಅಂಬಮ್ಮ ಮಾತ್ರ ಅಳಲಿಲ್ಲ. ಅವಳಿಗೆ ಒಂದೇ ಸಂಕಟ: ಇಷ್ಟು ದಿನ ಬಾಳಿದರೂ ಆ ಮುಖದ ಹಿಂದೆ ಏನಿದೆ ಎಂದು ತಿಳಿಯಲೇ ಇಲ್ಲವಲ್ಲ. ತಿಳಿಯದೆಯೇ ಕಡಿದುಕೊಳ್ಳುವುದೇ?

*

ಸಂತೆಯ ದಿನ ಅವಳು ಬೇಗನೆ ಬಂದಳು. ಹಿರಿಯರು ಕೂಡುವುದಕ್ಕೆ ಇನ್ನೂ ಹೊತ್ತಿತ್ತು. ದನದ ಸಾಲಿನ ಪಕ್ಕದಲ್ಲಿ ಮಂಡಾಳು, ಅಂದರೆ ಮಂಡಕ್ಕಿ, ಮಾರುತ್ತಿದ್ದ ಕರೆಮ್ಮನ ಬುಟ್ಟಿಯ ಹತ್ತಿರ ಕೂತು ವ್ಯಾಪಾರ ನೋಡತೊಡಗಿದಳು. ದಲಾಲರು ಅಂದರೆ ಎಂಥ ಜನ? ಎಲ್ಲರೂ ಹೀಗೆಯೇ ಏನು?

ಎದುರಿಗೊಬ್ಬ ದಲಾಲ ಹೋರಿಗಳ ಸಾಲಿನಲ್ಲಿ ನಡೆಯುತ್ತಿದ್ದ. ಬಡಕಲು ಹೋರಿಯ ಮುಂದೆ ನಿಲ್ಲಲಿಲ್ಲ. ಕುಂಟುವ ಎತ್ತನ್ನು ನೋಡಲೂ ಇಲ್ಲ. ಒಂದು ಬಿಳಿ ಹೋರಿಯ ಮುಂದೆ ಬಂದು ನಿಂತ. ಮೈ ತುಂಬಿಕೊಂಡ, ನೋಡಿದರೆ ದೃಷ್ಟಿಯಾಗುವಂಥ ಹೋರಿ.

“ಇದರ ಕೊರಳು ಗಿಡ್ಡ,” ಎಂದು ಶುರು ಮಾಡಿದ. “ಹಣಿ ಅಗಲ. ಮುಂಗಾಲು ಸೊಟ್ಟ.”

ಅಂಬಮ್ಮ ಕರೆಮ್ಮನ ತೋಳು ಹಿಡಿದಳು.

“ಯಮ್ಮಾ, ಆ ಕುಂಟ ಎತ್ತಿಗೆ ಏನೂ ಅನ್ನಲಿಲ್ಲ, ಇಷ್ಟು ಚಂದದ ಹೋರಿಗೆ ಯಾಕ ಇಷ್ಟು ಹೆಸರಿಡ್ತಾನ? ಇದು ಅವಗ ಬ್ಯಾಡಾಗೈತೇನ? ಬ್ಯಾಡಾಗಿರಬೇಕು, ಅದಕ...”

“ನೀನ ಕೇಳಿದಿ, ನೀನ ಹೇಳಿದಿ,” ಅಂದಳು ಕರೆಮ್ಮ, ಮಂಡಾಳಿಗೆ ಖಾರ ಕಲಸುತ್ತ. “ನಡುವ ನನಗ ಏನು ಬಿಟ್ಟಿ? ಕೇಳಿದ ಮ್ಯಾಲೆ ಒಂದು ಸ್ವಲ್ಪ ಬಾಯಿ ಮುಚ್ಚಬೇಕವ್ವ. ಇಲ್ಲಾಂದ್ರ ಮಂದಿ ಯಾವಾಗ ಮಾತಾಡಬೇಕು?”

ಅಂಬಮ್ಮ ಬಾಯಿ ಮುಚ್ಚಿದಳು. ಕರೆಮ್ಮ ಯಾರಿಗೋ ಮಂಡಾಳು ಕಟ್ಟಿಕೊಟ್ಟಳು. ಕಾಸು ಸೆರಗಿಗೆ ಗಂಟು ಹಾಕಿದಳು. ಆಮೇಲೆ ನಿಧಾನಕ್ಕೆ ಹೇಳಿದಳು.

“ಬ್ಯಾಡಾದದ್ದರ ಐಬು ಯಾವನು ನೋಡ್ತಾನ? ಹಾದು ಹೋಗ್ತಾನ. ಮನಸ್ಸಿಗೆ ಬಂದದ್ದಕ್ಕ ಹೆಸರಿಡೋದು. ಚಂದ ಐತಿ ಅಂದುಬಿಟ್ರ ಮಾಲಿನವ ಬೆಲೆ ಏರಿಸಿ ಕೂಡ್ರತಾನ, ಸೌದಾ ಕೈ ತಪ್ತೈತಿ. ದಲಾಲರ ಬಾಯಾಗ ಹೊಗಳಿಕಿ ಬರಂಗಿಲ್ಲ, ತಿಳಕೋ. ಎಷ್ಟು ಐಬು ಹೇಳ್ತಾನೋ, ಅದರ ಮ್ಯಾಲೆ ಅಷ್ಟು ಜೀವ ಹೋಗೈತಿ ಅಂತ.”

ಎದುರಿಗೆ ಟವಲು ಮುಚ್ಚಿತು, ಅಲುಗಾಡಿತು. ಬಿಳಿ ಹೋರಿ ಆ ದಲಾಲನ ಕೈಗೆ ಬಂತು. ಮಾರಿದವನು ಅತ್ತ ತಿರುಗಿದ್ದೇ ತಡ, ದಲಾಲ ಹೋರಿಯ ಹಣೆಯನ್ನು ಎರಡೂ ಕೈಯಿಂದ ಸವರಿದ.

ಅಂಬಮ್ಮನ ಎದೆಯಲ್ಲಿ ಒಂದೊಂದೇ ಬಾಗಿಲು ತೆರೆಯತೊಡಗಿತು. ಅಂಚು ದಪ್ಪ... ಬುಟ್ಟಿ ಖಾಲಿ. ಸೆರಗು ಉದ್ದ... ಹೊಸ್ತಿಲಲ್ಲಿ ಅಷ್ಟು ಹೊತ್ತು ಯಾಕೆ ನಿಂತಿದ್ದ? ನಾಲಗಿ ಉದ್ದ, ಒಂದ ಕಡಿ ನಿಂದ್ರಂಗಿಲ್ಲ, ನಗು ಓಣಿ ತುಂಬ...

ಅಯ್ಯೋ, ಹುಚ್ಚಿ!

ಸಂತೋಷದ ಬೆನ್ನಿಗೇ ಸಿಟ್ಟೂ ಬಂತು. ಯಾಕೆ ಬರಬಾರದು? ಅವಳೇನು ಹಗ್ಗ ಕಟ್ಟಿದ ದನವೇ?

*

ಬೇವಿನ ಗಿಡದ ಕೆಳಗೆ ಕಂಬಳಿ ಹಾಸಿ ಹಿರಿಯರು ಕೂತರು. ನಡುವೆ ಮಠದ ಕರಿಬಸಯ್ಯ. ಒಂದು ಬದಿಗೆ ಬಸವಂತರಾಯ. ಇನ್ನೊಂದು ಬದಿಗೆ ಆದೆಪ್ಪ, ಅವನ ಪಕ್ಕದಲ್ಲಿ ಬುಡ್ಡೇಸಾಬ್. ಸಂತೆಯ ದಲಾಲರೆಲ್ಲ ತಮ್ಮ ಕೆಲಸ ಬಿಟ್ಟು ಸುತ್ತ ನೆರೆದಿದ್ದರು. ಆದೆಪ್ಪ ಸೊರಗಿದ್ದ. ಮುಖದ ಬಾಗಿಲು ಮಾತ್ರ ಹಾಕಿಯೇ ಇತ್ತು.

“ನೋಡಪಾ ಆದೆಪ್ಪ,” ಅಂದರು ಕರಿಬಸಯ್ಯ. “ಇಕಿಯಾಗ ನಿನಗೇನು ತಪ್ಪು ಕಂಡಾವ, ಬಾಯಿ ಬಿಟ್ಟು ಹೇಳು. ಆಮ್ಯಾಲೆ ಕರಕೊಂಡು ಹೋಗೋದೋ ಬಿಡೋದೋ ಮಾತಾಡೋಣು.”

ಆದೆಪ್ಪ ಗಂಟಲು ಸರಿಮಾಡಿಕೊಂಡ.

“ನಾಲಗಿ ಉದ್ದ ಐತಿ ರೀ. ಒಂದ ಕಡಿ ನಿಂದ್ರಂಗಿಲ್ಲ...”

ಬಸವಂತರಾಯ ಧಡಕ್ಕನೆ ಎದ್ದ. “ಕೇಳಿದ್ರೆಲ್ಲ ಅಜ್ಜಾರ? ನಾಕು ಮಂದಿ ಮುಂದ ನನ್ನ ಮನಿ ಹುಡುಗಿಗೆ ಹೆಸರಿಡಾಕತ್ಯಾನ. ಇನ್ನೇನು ಉಳೀತು, ಬಿಡಿಸ್ರಿ.”

“ಮಾವ, ನೀ ಕೂಡ್ರು,” ಅಂದಳು ಅಂಬಮ್ಮ.

ಹೆಂಗಸರ ಸಾಲಿನಿಂದ ಎದ್ದು ಮುಂದೆ ಬಂದಳು.

“ಅಜ್ಜಾರ, ನಾ ಇವರಿಗೆ ಒಂದು ಮಾತು ಕೇಳ್ತೀನಿ.” ಗಂಡನ ಕಡೆ ತಿರುಗಿದಳು. “ನೀವು ಹೆಸರಿಟ್ಟರ ಅದಕ್ಕ ಏನು ಅರ್ಥ ಅಂತ ಈ ಸಂತ್ಯಾಗ ಎಲ್ಲಾರಿಗೂ ಗೊತ್ತೈತಿ. ನನಗ ಇವತ್ತು ಗೊತ್ತಾತು. ಆದ್ರ ನಾ ಎತ್ತಲ್ಲ ರೀ. ಐಬು ಹೇಳಿ ನನ್ನನ್ನ ಮನಿಗೆ ಒಯ್ಯಾಕ ಬರಂಗಿಲ್ಲ. ಐಬು ಬಿಟ್ಟು ನಿಮ್ಮ ಮನಸ್ಸಿನ್ಯಾಗ ನನ್ನ ಬಗ್ಗೆ ಏನರ ಐತೇನ?”

‘ಇರಲಿಕ್ಕಿಲ್ಲ’ ಎಂಬ ಮಾತು ರೂಢಿಯಂತೆ ನಾಲಗೆಯ ತುದಿಗೆ ಬಂದೇ ಬಂತು. ಅಂಬಮ್ಮ ಅದನ್ನು ಹಲ್ಲಲ್ಲಿ ಕಚ್ಚಿ ಹಿಡಿದಳು.

ಕಾದಳು.

ಯಾರೋ ಕೆಮ್ಮಿದರು. ದೂರದಲ್ಲಿ ಒಂದು ಕರು ಕೂಗಿತು. ಬೇವಿನ ಎಲೆಯೊಂದು ಅವಳ ಹೆಗಲ ಮೇಲೆ ಬಿತ್ತು. ಅವಳು ಕೊಡವಲಿಲ್ಲ, ಬಾಯಿ ತೆರೆಯಲಿಲ್ಲ. ಅವಳ ಜನ್ಮದಲ್ಲಿ ಅಷ್ಟು ಕಷ್ಟದ ಕೆಲಸವನ್ನು ಅವಳು ಮಾಡಿರಲಿಲ್ಲ, ನಂಬಿ.

ಆದೆಪ್ಪನ ಕೈ ಹೆಗಲ ಮೇಲಿನ ಟವಲಿಗೆ ಹೋಯಿತು. ಅದನ್ನು ತೆಗೆದು ಬಿಡಿಸಿದ. ಅವಳ ಕೈಯತ್ತ ಚಾಚಿದ.

“ಟವಲು ಬ್ಯಾಡ,” ಅಂದಳು ಅವಳು, ಮೆಲ್ಲಗೆ. “ಬಾಯಿಲೆ ಹೇಳ್ರಿ.”

ಅವನು ಟವಲನ್ನು ಮಡಚಿದ. ಮತ್ತೆ ಮಡಚಿದ. ಕೊನೆಗೆ ಅದನ್ನು ಬುಡ್ಡೇಸಾಬನ ತೊಡೆಯ ಮೇಲಿಟ್ಟು ಎದ್ದು ನಿಂತ.

“ಅಕಿ ರೊಟ್ಟಿ ಭಾಳ ಚಲೋ ಆಗ್ತಾವ,” ಅಂದ.

ದಲಾಲರ ಗುಂಪಿನಲ್ಲಿ ಗುಸುಗುಸು ಎದ್ದಿತು.

“ಇಲಕಲ್ ಸೀರಿ ಉಟ್ಟ ದಿನ ನನಗ ಸಂತಿಗೆ ಹೋಗಾಕ ಕಾಲ ಬರಲಿಲ್ಲ. ಅಕಿ ನಗು ಓಣಿ ತುದಿಗೆ ಕೇಳಸ್ತಿತ್ತು, ಅದನ್ನ ಕೇಳಿದ ಮ್ಯಾಲೆ ನಾ ಜಲ್ದಿ ಜಲ್ದಿ ನಡೀತಿದ್ದೆ. ಈಗ ಓಣಿ ಸುಮ್ಮನೈತಿ. ಮನಿಯೂ ಸುಮ್ಮನೈತಿ. ನಮ್ಮವ್ವನೂ ನಾನೂ ಮಾರಿ ಮಾರಿ ನೋಡಿಕೋತ ಉಣ್ತೀವಿ.” ಅವನ ದನಿ ಒಡೆಯಿತು. “ಪಸಂದ್ ಆದದ್ದನ್ನ ಪಸಂದ್ ಅಂದ್ರ ಕೈ ಬಿಟ್ಟು ಹೋಗ್ತೈತಿ ಅಂತ ಸಣ್ಣಾಂವ ಇದ್ದಾಗಿಂದ ಕಲತೀನಿ. ಅದಕ ಹೇಳಲಿಲ್ಲ. ಹೇಳದ ಇದ್ದದ್ದಕ್ಕ ಕೈ ಬಿಟ್ಟು ಹೋತು.”

ಅಂಬಮ್ಮ ಅವನ ಮುಖ ನೋಡಿದಳು. ಎಷ್ಟು ದಿನದಿಂದ ನೋಡಬೇಕು ಎಂದುಕೊಂಡಿದ್ದ ಮುಖ! ಅಲ್ಲಿ ಇನ್ನೇನೂ ಮುಚ್ಚಿರಲಿಲ್ಲ. ಎರಡು ಕಣ್ಣಲ್ಲೂ ನೀರಿತ್ತು.

“ಯಾ ಅಲ್ಲಾ,” ಎಂದು ಬುಡ್ಡೇಸಾಬ್ ಹಣೆಗೆ ಕೈ ಹಚ್ಚಿದ. “ಸಂತ್ಯಾಗ ನಿಂತು ಹೊಗಳಿಬಿಟ್ಯಲ್ಲೋ ಬೇಟಾ. ನಾ ಕಲಿಸಿದ್ದೆಲ್ಲ ಹಳ್ಳಕ್ಕ ಹೋತು.” ಆಮೇಲೆ ಅಂಬಮ್ಮನ ಕಡೆ ತಿರುಗಿದ. “ಅವತ್ತು ಕಟ್ಟಿ ಮ್ಯಾಲೆ ಇವ ನಿನ್ನ ಐಬು ಹೇಳಿದಾಗ ನಾ ಏನಂದೆ ಗೊತ್ತೇನ ಬೇಟಿ? ‘ಹಂಗಾದ್ರ ಜೀವ ಹೋದ್ರೂ ನೀ ಇಕಿನ ಬಿಡಂಗಿಲ್ಲ’ ಅಂದೆ.”

“ನಾ ಅಷ್ಟೊತ್ತು ನಿಂದ್ರಲಿಲ್ಲ ಚಾಚಾ,” ಅಂದಳು ಅಂಬಮ್ಮ. ಅಳುತ್ತಲೇ ನಕ್ಕಳು. ಆ ನಗು ಮಂಡಾಳಿನ ಬುಟ್ಟಿಯ ತನಕ ಕೇಳಿಸಿತು. “ಅದು ನನ್ನ ತಪ್ಪು.”

“ಹಂಗಾದ್ರ ಹೋಗ್ತೀಯೇನ ತಾಯಿ?” ಎಂದು ಕೇಳಿದರು ಕರಿಬಸಯ್ಯ.

“ಹೋಗ್ತೀನ್ರಿ ಅಜ್ಜಾರ. ಆದ್ರ ಹೊರಗ ಹೋಗೋವಾಗ ಎಲ್ಲಿಗೆ, ಯಾವಾಗ ಬರ್ತೀನಿ ಅಂತ ಇವರು ನನಗ ಹೇಳಿ ಹೋಗಬೇಕು. ಮತ್ತ ದೀಪ ಹಚ್ಚೋ ಹೊತ್ತಿಗೆ ನನ್ನ ಮಾರಿ ನೋಡಿ ಒಂದು ಚಲೋ ಮಾತು ಆಡಬೇಕು. ಸಣ್ಣದಾದ್ರೂ ನಡೀತೈತಿ.”

“ದಿನಾ?” ಎಂದ ಆದೆಪ್ಪ, ಗಾಬರಿಯಿಂದ.

“ದಿನಾ ಉಣ್ಣಂಗಿಲ್ಲೇನ ನೀವು?”

ಇಡೀ ಸಂತೆ ನಕ್ಕಿತು. ಬಸವಂತರಾಯನೂ ನಕ್ಕ.

“ನಾನೂ ಒಂದು ಹೇಳ್ಲಿ?” ಎಂದು ಕೇಳಿದ ಆದೆಪ್ಪ. ಯಾರೂ ಬೇಡ ಅನ್ನಲಿಲ್ಲ. “ನೀ ಏನು ಬೇಕಾದ್ರೂ ಕೇಳು. ಎಷ್ಟರ ಕೇಳು. ಆದ್ರ ಕೇಳಿದ ಮ್ಯಾಲೆ ನನಗ ಒಂದಿಷ್ಟು ಹೊತ್ತು ಕೊಡು. ನನ್ನ ಮಾತು ದೂರಿಂದ ಬರ್ತಾವ.”

“ಕೊಡ್ತೀನಿ,” ಅಂದಳು ಅಂಬಮ್ಮ.

*

ಗಾಡಿಗೆ ಕೆಂದನನ್ನೇ ಕಟ್ಟಿಕೊಂಡು ಬಂದಿದ್ದ ಆದೆಪ್ಪ. ಊರು ದಾಟಿ ಹಳ್ಳದ ದಂಡೆಗೆ ಬಂದಾಗ ಕೆಂದ ನಿಂತುಬಿಟ್ಟ. ಜೊತೆಯ ಎತ್ತು ಎಳೆದರೂ ಕದಲಲಿಲ್ಲ. ಹರಿಯುವ ನೀರನ್ನು ನೋಡುತ್ತ ಕಿವಿ ನಿಮಿರಿಸಿದ.

ಆದೆಪ್ಪ ಬಾರುಕೋಲು ಎತ್ತಲಿಲ್ಲ. ಹಗ್ಗ ಸಡಿಲು ಬಿಟ್ಟು ಕೂತ.

“ಹೊಡದ್ರ ಆಗಂಗಿಲ್ಲ. ಹೊತ್ತು ಕೊಟ್ರ ತಾನ ಇಳೀತೈತಿ.”

ಅಂಬಮ್ಮ ಅವನ ಪಕ್ಕಕ್ಕೆ ಸರಿದು ಕೂತಳು. ಹೊರಡುವ ಮೊದಲು ಪೆಟ್ಟಿಗೆಯಿಂದ ತೆಗೆದು ಇಲಕಲ್ ಸೀರೆ ಉಟ್ಟಿದ್ದಳು, ಸೆರಗು ಉದ್ದವಾಗಿಯೇ ಇತ್ತು. ವರ್ಷದಿಂದ ಒಳಗೆ ಕೊರೆಯುತ್ತಿದ್ದ ಪ್ರಶ್ನೆ ಈಗ ಹೊರಗೆ ಬಂತು.

“ಅವತ್ತು ಟವಲಿನ ಕೆಳಗ ಮಾವನ ಜೋಡಿ ಏನು ಮಾತಾಡಿದ್ರಿ?”

ಕೇಳಿ, ತುಟಿ ಮುಚ್ಚಿಕೊಂಡಳು. ನೀರು ಕಲ್ಲಿಗೆ ಬಡಿದು ಸದ್ದು ಮಾಡುತ್ತಿತ್ತು. ಕೆಂದ ಮೂಗು ಚಾಚಿ ನೀರನ್ನು ಮೂಸಿ ನೋಡಿದ.

“ನಿಮ್ಮ ಮಾವ ಕೇಳಿದ ಬೆಲೆಗೆ ಒಪ್ಪಿದ್ದೆ,” ಅಂದ ಆದೆಪ್ಪ ಕೊನೆಗೆ. “ಆಮ್ಯಾಲೆ ನಾನ ಇನ್ನೊಂದು ಬೆರಳು ಹೆಚ್ಚಿಗೆ ಹಿಡಿದೆ.”

ಯಾಕೆ ಎಂದು ಕೇಳಲು ಅವಳ ಜೀವ ಚಡಪಡಿಸಿತು. ಕಾದಳು.

“ನೀ ಐಬು ಹೇಳಿದ್ದಕ್ಕ,” ಅಂದ ಅವನು. “ದಿನಾ ಬೆಳಗಾದ್ರ ಎಲ್ಲಾರೂ ನನ್ನ ಮುಂದ ಏನರ ಮುಚ್ಚತಾರ. ನಾನೂ ಮುಚ್ಚತೀನಿ. ನೀ ಒಬ್ಬಾಕಿ ಇದ್ದದ್ದನ್ನ ಇದ್ದಂಗ ಹೇಳಿದಿ. ಇಂಥಾಕಿ ಮನ್ಯಾಗ ಇದ್ರ, ಮನಿಗೆ ಬಂದ ಮ್ಯಾಲಾದ್ರೂ ಯಾರ ಮನಸ್ಸಿನ್ಯಾಗ ಏನೈತಿ ಅಂತ ಹುಡುಕೋದು ತಪ್ಪತೈತಿ ಅನಿಸ್ತು.”

“ನೀವು ಹುಡುಕೋದು ತಪ್ಪಿಸಿಕೊಂಡು, ನನ್ನನ್ನ ಹುಡುಕಾಕ ಹಚ್ಚಿದ್ರಿ.”

ಅವನು ನಕ್ಕ. ಅವಳು ನೋಡಿದ ಅವನ ಮೊದಲ ನಗು ಅದು. ಎಡಗೆನ್ನೆಯಲ್ಲಿ ಸಣ್ಣದೊಂದು ಗುಳಿ ಬೀಳುತ್ತದೆಂದು ಅವಳಿಗೆ ಅಲ್ಲಿಯ ತನಕ ಗೊತ್ತೇ ಇರಲಿಲ್ಲ.

“ಮತ್ತ ಈ ಕೆಂದನ್ನ ಯಾಕ ಮಾರಲಿಲ್ಲ?”

ಈ ಸಲ ಅವನು ಬೇಗನೆ ಹೇಳಿದ. “ಕೊಳ್ಳಾಕ ಬಂದವರಿಗೆಲ್ಲ ನಾನ ಮೊದಲು ಹೇಳ್ತಿದ್ದೆ, ಇದು ನೀರಿಗೆ ಹೆದರ್ತೈತಿ ಅಂತ. ನಿನ್ನಂಗ. ಕೇಳಿ ಹೊಳ್ಳಿ ಹೋಗ್ತಿದ್ರು. ನಿನಗ ಇದರ ಮ್ಯಾಲೆ ಜೀವ ಅಂತ ಗೊತ್ತಿತ್ತು.”

ಕೆಂದ ಒಂದು ಕಾಲು ನೀರಿಗಿಟ್ಟ. ತೆಗೆದ. ಮತ್ತೆ ಇಟ್ಟ. ಗಾಡಿ ಮೆಲ್ಲಗೆ ಹಳ್ಳಕ್ಕೆ ಇಳಿಯಿತು. ಬುಡ್ಡೇಸಾಬ್ ತಿರುಗಿ ಕೊಟ್ಟ ಟವಲು ಆದೆಪ್ಪನ ಹೆಗಲ ಮೇಲೆಯೇ ಇತ್ತು. ಅವನ ಕೈ ಎಲ್ಲರಿಗೂ ಕಾಣುವಂತೆ ಅವಳ ಕೈಯ ಮೇಲಿತ್ತು.

ದೂರದ ಮನೆಗಳಲ್ಲಿ ಬೆಳಕು ಕಾಣತೊಡಗಿತ್ತು.

“ದೀಪ ಹಚ್ಚೋ ಹೊತ್ತಾತು,” ಅಂದಳು ಅಂಬಮ್ಮ. “ಇವತ್ತಿನ ಮಾತು?”

“ಸಂತ್ಯಾಗ ಅಷ್ಟು ಹೇಳಿದೆನಲ್ಲ.”

“ಅದು ಹಿರಿಯರ ಮುಂದ ಹೇಳಿದ್ದು. ನನ್ನ ಮುಂದ?”

ಆದೆಪ್ಪ ಅವಳ ಮುಖದ ಕಡೆ ತಿರುಗಿದ. ತುಟಿ ಬಿಚ್ಚಿದ, ಮುಚ್ಚಿದ. ಗಾಡಿ ಹಳ್ಳದ ನಡುವೆ ಬಂದಿತ್ತು. ಅಂಬಮ್ಮ ಕಾಯುತ್ತ ಕೂತಳು. ಎಷ್ಟು ಹೊತ್ತಾದರೂ ಕಾಯಲು ಅವಳಿಗೆ ಈಗ ಬೇಸರವಿರಲಿಲ್ಲ.

“ನೀ ಬಂದಿ,” ಅಂದ ಅವನು. “ನನಗ ಅಷ್ಟ ಸಾಕು.”

ಅಂಬಮ್ಮ ಮತ್ತೇನೂ ಕೇಳಲಿಲ್ಲ.